ಕೋಶಕ್ಕೆ ಐವತ್ತು ಕೋಟಿ

ನಂಜನಗೂಡು ಸೀಮೆಯ ಬಿಳಿಗೆರೆ ಸುತ್ತಮುತ್ತಲ ಬಾರುಗಳಲ್ಲಿ ಮಿಲಿಲೀಟರ್ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ತೊಂಬತ್ತು ಅಂದರೆ ತೊಂಬತ್ತು, ಕ್ವಾಟ್ರು ಅಂದರೆ ನೂರೆಂಬತ್ತು. ಗದ್ದೆ ಕೆಲಸ ಮುಗಿಸಿ ಬಂದವರು ಕೌಂಟರಿನ ಸರಳಿನೊಳಗೆ ನೋಟು ತೂರಿಸಿ ಆ ಒಂದು ಸಂಖ್ಯೆ ಹೇಳಿದರೆ ಸಾಕು, ಅಂಗೈಯಲ್ಲಿ ಮುಚ್ಚಿಹೋಗುವ ಟೆಟ್ರಾ ಪ್ಯಾಕ್ ಈಚೆ ಬರುತ್ತದೆ. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಪ್ಲಾಸ್ಟಿಕ್ ಲೋಟಕ್ಕೆ ಬಗ್ಗಿಸಿ, ಮೇಲೊಂದು ನೀರಿನ ಪ್ಯಾಕೆಟ್ ಸುರಿದು, ಕುಡಿದು ಬಾಯಿ ಒರೆಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಆ ತೊಂಬತ್ತರಲ್ಲಿರುವ ಅಪ್ಪಟ ಆಲ್ಕೋಹಾಲ್ ಸುಮಾರು 30 ಗ್ರಾಮ್. ಹೊಟ್ಟೆಗಿಳಿಸಲು ಎರಡು ನಿಮಿಷ ಸಾಕಾದದ್ದನ್ನು ಕರಗಿಸಲು ಲಿವರಿಗೆ ನಾಲ್ಕು ಗಂಟೆಗೂ ಹೆಚ್ಚು ಬೇಕು.

ಕೊಕೇನ್ ಲಿವರಿಗೆ ಏನು ಮಾಡುತ್ತದೆ ಎಂದು ಬರೆಯಹೊರಟು ತೊಂಬತ್ತರ ಕಥೆ ಯಾಕೆ ಅಂದರೆ, ಕೊಕೇನಿಗೆ ಈ ಕಡೆ ಅಳತೆಯೇ ಇಲ್ಲ. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕಪಿಲೆ (ಕಬಿನಿ) ಬದಿಯ ಭತ್ತ, ಕಬ್ಬು, ಬಾಳೆಯ ಊರುಗಳಲ್ಲಿ ಅದನ್ನು ಕಂಡವರಿದ್ದರೆ ಸಿನಿಮಾದಲ್ಲಿ ಕಂಡಿರಬೇಕು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳುವಂತೆ ದೇಶದಲ್ಲಿ ಮದ್ಯ ಕುಡಿಯುವವರು 16 ಕೋಟಿ, ಕೊಕೇನ್ ಬಳಸುವವರು 10.7 ಲಕ್ಷ. ನೂರೈವತ್ತು ಜನ ಕುಡಿಯುವವರಿಗೆ ಒಬ್ಬ ಕೊಕೇನಿನವನು. ಕಡಿಮೆ ಅನ್ನಿಸುತ್ತದೆ. ಹಾಗೆಂದು ಹತ್ತು ಲಕ್ಷ ಸಣ್ಣ ಸಂಖ್ಯೆಯೇನಲ್ಲ.

ದೂರದ ಮಾತೂ ಅಲ್ಲ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕನೊಬ್ಬ ಹೊಟ್ಟೆಯೊಳಗೆ 99 ಕ್ಯಾಪ್ಸೂಲ್ ನುಂಗಿಕೊಂಡು ಬಂದಿದ್ದ. ಒಟ್ಟು ಎರಡು ಕಿಲೋ ಕೊಕೇನ್. ಒಂದೊಂದರಲ್ಲೂ ಇಪ್ಪತ್ತು ಗ್ರಾಮ್ ಲೆಕ್ಕ, ಒಂದು ಒಡೆದಿದ್ದರೂ ಅವನು ಇಮಿಗ್ರೇಷನ್ ಸಾಲಿನಲ್ಲೇ ಸತ್ತಿರುತ್ತಿದ್ದ. 2025ರ ಜುಲೈನಲ್ಲಿ ಅದೇ ನಿಲ್ದಾಣದಲ್ಲಿ ದೋಹಾದಿಂದ ಬಂದವನೊಬ್ಬನ ಚೀಲದ ಎರಡು ಸೂಪರ್‌ಹೀರೋ ಕಾಮಿಕ್ಸ್ ಪುಸ್ತಕಗಳು ಕೈಗೆ ಭಾರ ಅನ್ನಿಸಿ, ರಟ್ಟು ಸೀಳಿ ನೋಡಿದರೆ ನಾಲ್ಕು ಕಿಲೋ. ಅದೇ ತಿಂಗಳು ಮುಂಬೈ ಪೊಲೀಸರು ನೇರವಾಗಿ ಮೈಸೂರಿಗೇ ಬಂದು, ರಿಂಗ್ ರಸ್ತೆ ಬದಿಯಲ್ಲಿ ಎಂ.ಡಿ. ತಯಾರಾಗುತ್ತಿತ್ತೆಂದು ಹೇಳಿ ಸುಮಾರು 190 ಕಿಲೋ ಮಾಲು ಹಿಡಿದರು. ಅದು ಕೊಕೇನ್ ಅಲ್ಲ, ಮೆಫೆಡ್ರೋನ್. ಆದರೆ ಆ ಜಾಗ ಬಿಳಿಗೆರೆಯವರು ಆಸ್ಪತ್ರೆಗೆ, ಕಾಲೇಜಿಗೆ, ಸಂತೆ ವ್ಯಾಪಾರಕ್ಕೆ ದಿನಾ ಓಡಾಡುವ ಊರಿನ ಅಂಚು.

ಇಂಥ ಸುದ್ದಿಗಳಲ್ಲಿ ಬರುವ ಬೆಲೆಯ ಬಗ್ಗೆ ಒಂದು ಮಾತು. ಎರಡು ಕಿಲೋಗೆ 20 ಕೋಟಿ, ನಾಲ್ಕು ಕಿಲೋಗೆ 40 ಕೋಟಿ. 2024ರ ಅಕ್ಟೋಬರಿನಲ್ಲಿ ದೆಹಲಿ ಮತ್ತು ಗುಜರಾತಿನ ಅಂಕಲೇಶ್ವರದಲ್ಲಿ ಹಿಡಿದ 1,289 ಕಿಲೋಗೆ 13,000 ಕೋಟಿ. ಎಲ್ಲದಕ್ಕೂ ಒಂದೇ ದರ, ಕಿಲೋಗೆ ಹತ್ತು ಕೋಟಿ. ಅಂದರೆ ಗ್ರಾಮಿಗೆ ಒಂದು ಲಕ್ಷ ರೂಪಾಯಿ, ಆ ಹೊತ್ತಿನ ಚಿನ್ನದ ಹತ್ತು ಪಟ್ಟಿನ ಆಸುಪಾಸು. ಯುರೋಪಿನ ಬೀದಿಯಲ್ಲಿ ಗ್ರಾಮು ನೂರು ಯೂರೋ ಒಳಗೇ, ಹತ್ತು ಸಾವಿರ ರೂಪಾಯಿಗೇ ಸಿಗುವ ಪುಡಿ ಅದು. ಈ ಲಕ್ಷದ ಲೆಕ್ಕ ಪತ್ರಿಕಾಗೋಷ್ಠಿಯ ಮೇಜಿಗೆ ಮೀಸಲಾದದ್ದು ಎಂದೇ ನನ್ನ ಅನುಮಾನ. ನಿಜವಾದ ದೊಡ್ಡ ಸಂಖ್ಯೆ ಬೇಕೆಂದರೆ ತೂಕ ನೋಡಬೇಕು. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ತಯಾರಾದ ಕೊಕೇನ್ 3,708 ಟನ್, ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಭಾಗ ಹೆಚ್ಚು. ಆ ವರ್ಷ ಬಳಸಿದವರು ಎರಡೂವರೆ ಕೋಟಿ ಜನ. ಅದಕ್ಕೆ ಹತ್ತು ವರ್ಷದ ಹಿಂದೆ 1.7 ಕೋಟಿ ಇದ್ದರು. ಕೊಕೇನಿನ ಮೂಲವಾದ ಕೋಕಾ ಗಿಡದ ಬೇಸಾಯ ಆ ವರ್ಷ ಕೊಲಂಬಿಯಾ ಒಂದರಲ್ಲೇ 2,53,000 ಹೆಕ್ಟೇರ್ ಇತ್ತು. ಇಡೀ ಮೈಸೂರು ಜಿಲ್ಲೆಯನ್ನು, ಅದರ ಕಾಡು, ಕೆರೆ, ಊರು, ರಸ್ತೆಗಳನ್ನೂ ಸೇರಿಸಿ ಅಳೆದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲವನ್ನು ಆ ಒಂದು ಗಿಡ ತುಂಬುವಷ್ಟು.

ಈ ಪುಡಿ ಮನುಷ್ಯರ ಮನೆಗೆ ಬಂದದ್ದು ಔಷಧಿಯ ವೇಷದಲ್ಲಿ. ರಸಾಯನಶಾಸ್ತ್ರಜ್ಞ ಆಲ್ಬರ್ಟ್ ನೀಮನ್ 1860ರಲ್ಲಿ ಜರ್ಮನಿಯ ಗಟಿಂಗನ್‌ನಲ್ಲಿ ಅದನ್ನು ಕೋಕಾ ಎಲೆಯಿಂದ ಬೇರ್ಪಡಿಸಿದ. 1884ರಲ್ಲಿ ವೈದ್ಯ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಮರಗಟ್ಟಿಸುವ ಮದ್ದಾಗಿ ಬಳಸಿದ. ಮರುವರ್ಷವೇ ಅಮೆರಿಕದ ಆಲ್ಬನಿಯಲ್ಲಿ ಮಕ್ಕಳ ಚಿತ್ರ ಹಾಕಿ ಹದಿನೈದು ಸೆಂಟಿಗೆ ಕೊಕೇನ್ ಹಲ್ಲುನೋವಿನ ಹನಿ ಮಾರಿದರು. ನಮ್ಮ ದೇಶದಲ್ಲೂ ಹಲ್ಲುನೋವೇ ಬಾಗಿಲು. ಔಷಧ ವಿಜ್ಞಾನಿ ಕರ್ನಲ್ ಚೋಪ್ರಾ ಮತ್ತು ಸಂಗಡಿಗರು 1930ರ ದಶಕದ ಆರಂಭದಲ್ಲಿ ದಾಖಲಿಸಿದಂತೆ, ಬಿಹಾರದ ಭಾಗಲ್ಪುರದ ಜಮೀನ್ದಾರರೊಬ್ಬರು ಹಲ್ಲುನೋವಿಗೆಂದು ಹಚ್ಚಿಕೊಂಡದ್ದು ಚಟವಾಗಿ, ಸುತ್ತಲಿನವರಿಗೆ ಹಬ್ಬಿ, ಕಲ್ಕತ್ತೆಯಿಂದ ಬೊಂಬಾಯಿವರೆಗೆ ವೀಳ್ಯದೆಲೆಯ ಮಡಿಕೆಯಲ್ಲಿ ಸುಣ್ಣದ ಜೊತೆ ಕೊಕೇನ್ ಮೆಲ್ಲುವುದು ಶುರುವಾಯಿತು. ಹಲ್ಲಿಗೆ ನಂಜನಗೂಡು 1913ರಿಂದ ಕೊಟ್ಟುಕೊಂಡು ಬಂದದ್ದು ಬಿ.ವಿ. ಪಂಡಿತರ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಪುಡಿ. ಒಂದೇ ಕಾಲ, ಒಂದೇ ಹಲ್ಲು, ಎರಡು ಪುಡಿ. ನಮ್ಮ ಪುಣ್ಯ, ಈ ಸೀಮೆಗೆ ಸಿಕ್ಕಿದ್ದು ಬೆರಳಲ್ಲಿ ಉಜ್ಜಿ ಉಗಿಯುವಂಥದ್ದು.

ಸಾವಿರಾರು ಟನ್ನುಗಳ ಆ ರಾಶಿಯೆಲ್ಲ, ಒಬ್ಬೊಬ್ಬರ ಪಾಲಿಗೆ ಹಂಚಿಹೋಗಿ, ಕೊನೆಗೆ ಬಂದು ನಿಲ್ಲುವುದು ಬಲಗಡೆ ಪಕ್ಕೆಲುಬಿನ ಕೆಳಗೆ ಕೂತ ಒಂದೂವರೆ ಕಿಲೋ ತೂಕದ ಅಂಗದ ಎದುರು. ನಂಜನಗೂಡಿನ ದೇವರು ಹಾಲಾಹಲವನ್ನು ಗಂಟಲಲ್ಲೇ ತಡೆದ. ಆ ಸವಲತ್ತು ನಮಗಿಲ್ಲ, ನಾವು ಮೂಗಿಗೇರಿಸಿದ್ದೂ ಬಾಯಿಗಿಳಿಸಿದ್ದೂ ಅಲ್ಲಿಗೇ ಹೋಗಬೇಕು. ದೇಹದಲ್ಲಿರುವ ರಕ್ತ ಐದು ಲೀಟರ್. ಲಿವರಿನ ಮೂಲಕ ನಿಮಿಷಕ್ಕೆ ಹರಿಯುವುದು ಸುಮಾರು ಒಂದೂವರೆ ಲೀಟರ್. ಗುಣಿಸಿದರೆ ದಿನಕ್ಕೆ 2,160 ಲೀಟರ್. ಅದೇ ಐದು ಲೀಟರ್ ರಕ್ತ ದಿನಕ್ಕೆ ನಾನೂರು ಸಲಕ್ಕೂ ಹೆಚ್ಚು ಈ ತಪಾಸಣಾ ಠಾಣೆ ದಾಟುತ್ತದೆ. ಅರುವತ್ತು ವರ್ಷ ಬದುಕಿದವರ ಲಿವರ್ ಸೋಸಿದ ರಕ್ತ ನಾಲ್ಕೂಮುಕ್ಕಾಲು ಕೋಟಿ ಲೀಟರ್ ಆಗುತ್ತದೆ, ಒಂದು ದಿನವೂ ರಜೆಯಿಲ್ಲದೆ.

ಮಾಂಸದಂಗಡಿಯ ಕೊರಡಿನ ಮೇಲೆ ಬಿದ್ದಿರುವ ಕುರಿಯ ಲಿವರನ್ನು ನೋಡಿದರೆ ಅದು ಕಗ್ಗೆಂಪು, ನುಣುಪು, ಎಲ್ಲೂ ಒಂದೇ ಹದ. ಹಂದಿಯ ಲಿವರನ್ನು ಕೊಯ್ದು ಬೆಳಕಿಗೆ ಹಿಡಿದರೆ ಮಾತ್ರ ಒಳಗಿನ ಕಟ್ಟಡ ಬರಿಗಣ್ಣಿಗೇ ಕಾಣುತ್ತದೆ: ಒತ್ತೊತ್ತಾಗಿ ಜೋಡಿಸಿದ ಷಟ್ಕೋನಗಳು, ಒಂದೊಂದಕ್ಕೂ ಮಾಸಲು ಬಿಳಿಯ ಅಂಚು. ಮನುಷ್ಯರ ಲಿವರಿನಲ್ಲಿ ಆ ಅಂಚು ಕಾಣದು, ಕಟ್ಟಡ ಅದೇ. ಒಂದು ಷಟ್ಕೋನದ ಅಗಲ ಒಂದೆರಡು ಮಿಲಿಮೀಟರ್, ಒಂದು ರಾಗಿ ಕಾಳಿನಷ್ಟು. ರಕ್ತ ಕಾಳಿನ ಮೂಲೆಗಳಲ್ಲಿ ಒಳಬಂದು, ಜೀವಕೋಶಗಳ ಸಾಲಿನ ನಡುವೆ ಸೋರಿಕೊಂಡು, ನಟ್ಟನಡುವಿನ ಒಂದು ಸಣ್ಣ ರಕ್ತನಾಳ ಸೇರಿ ಹೊರಹೋಗುತ್ತದೆ. ಇಂಥ ಕಾಳುಗಳು ಲಕ್ಷಗಟ್ಟಲೆ. ಲಿವರಿನ ಜೀವಕೋಶಗಳು ಒಟ್ಟು ದುಂಡಾಗಿ ಇಪ್ಪತ್ತು ಸಾವಿರ ಕೋಟಿ.

ಈಗ ಪುಡಿಯ ಲೆಕ್ಕ. ಮೂಗಿಗೆ ಎಳೆಯುವವರು ಲೈನ್ ಎಂದು ಕರೆಯುವ ಒಂದು ಗೀರಿನಲ್ಲಿ 50 ಮಿಲಿಗ್ರಾಮ್ ಅಪ್ಪಟ ಕೊಕೇನ್ ಇದೆ ಎಂದಿಟ್ಟುಕೊಳ್ಳೋಣ. ಅದು ಉಗುರಿನ ತುದಿಯಲ್ಲಿ ನಿಲ್ಲುವಷ್ಟು. ಅದರಲ್ಲಿರುವ ಅಣುಗಳು ಒಂದರ ಮುಂದೆ ಇಪ್ಪತ್ತು ಸೊನ್ನೆ. ಲಿವರಿನ ಅಷ್ಟೂ ಕೋಶಗಳಿಗೆ ಸಮನಾಗಿ ಹಂಚಿದರೆ ಒಂದೊಂದು ಕೋಶದ ಪಾಲಿಗೆ ಐವತ್ತು ಕೋಟಿ ಅಣು.

ಕೇಳಿದರೆ ಎದೆ ಝಲ್ಲೆನ್ನುತ್ತದೆ. ಲಿವರಿಗೆ ಹಾಗೇನೂ ಆಗುವುದಿಲ್ಲ. ಯಾಕೆಂದರೆ ಆ ತೊಂಬತ್ತರ ಪ್ಯಾಕಿನಲ್ಲಿ ಕೋಶಕ್ಕೆ ಬೀಳುವ ಪಾಲು ಎರಡು ಲಕ್ಷ ಕೋಟಿ ಅಣು. ಕೊಕೇನಿನ ನಾಲ್ಕು ಸಾವಿರ ಪಟ್ಟು. ಗಂಟೆಗೆ ಏಳು ಗ್ರಾಮ್ ಆಲ್ಕೋಹಾಲ್ ಕರಗಿಸುವ ಲಿವರಿನಲ್ಲಿ ಒಂದೊಂದು ಕೋಶವೂ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮೀರಿ ಅಣುಗಳನ್ನು ಬಿಚ್ಚಿ ಹಾಕುತ್ತಿರುತ್ತದೆ. ಸೆಕೆಂಡಿಗೆ! ಬರೀ ಎಣಿಕೆಯಲ್ಲಿ ನೋಡಿದರೆ ಒಂದು ಲೈನ್ ಕೊಕೇನ್ ಅನ್ನುವುದು ನಾಲ್ಕು ಸೆಕೆಂಡಿನ ಮಾಮೂಲಿ ಕೆಲಸ. ಕೊಕೇನಿನ ಬಹುಪಾಲನ್ನು ಒಡೆಯುವುದೂ ಕಷ್ಟವಲ್ಲ. ರಕ್ತದಲ್ಲೇ ಇರುವ ಒಂದು ಕಿಣ್ವ ಒಂದು ಪಾಲನ್ನು ಕತ್ತರಿಸುತ್ತದೆ, ಲಿವರಿನ ಕಿಣ್ವಗಳು ಇನ್ನೊಂದು ಪಾಲನ್ನು. ಹೊರಬರುವ ಚೂರುಗಳು ಬಹುಮಟ್ಟಿಗೆ ನಿರುಪದ್ರವಿ, ಮೂತ್ರದಲ್ಲಿ ಹೋಗುತ್ತವೆ. ಸುಮಾರು ಒಂದು ಗಂಟೆಗೆ ರಕ್ತದಲ್ಲಿನ ಕೊಕೇನ್ ಅರ್ಧಕ್ಕಿಳಿಯುತ್ತದೆ.

ಹಾಗಾದರೆ ಆಪತ್ತು ಎಲ್ಲಿ? ಹತ್ತರಲ್ಲಿ ಒಂದು ಪಾಲೂ ಇರದ ಒಂದು ಸಣ್ಣ ಭಾಗ ಹೆದ್ದಾರಿ ಬಿಟ್ಟು ಓಣಿಗೆ ತಿರುಗುತ್ತದೆ. ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಗುಂಪು ಅದನ್ನು ಮೊದಲು ನಾರ್‌ಕೊಕೇನ್ ಆಗಿ, ಆಮೇಲೆ ಎನ್-ಹೈಡ್ರಾಕ್ಸಿ ನಾರ್‌ಕೊಕೇನ್ ಆಗಿ, ಕೊನೆಗೆ ನಾರ್‌ಕೊಕೇನ್ ನೈಟ್ರಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಹೆಸರು ಮರೆತರೂ ಚಿಂತೆಯಿಲ್ಲ. ಐವತ್ತು ಕೋಟಿಯಲ್ಲಿ ಈ ಓಣಿಗೆ ಬೀಳುವುದು ಹೆಚ್ಚೆಂದರೆ ಐದು ಕೋಟಿ ಅಣು ಎಂಬುದನ್ನು ನೆನಪಿಟ್ಟರೆ ಸಾಕು.

ಐದು ಕೋಟಿ ಎಷ್ಟು ದೊಡ್ಡದು ಎಂದು ತಿಳಿಯಲು ಮನೆಯಲ್ಲೇ ಇರುವ ಒಂದು ವಸ್ತುವಿನ ಪಕ್ಕ ಇಟ್ಟು ನೋಡಬಹುದು. ಜ್ವರಕ್ಕೆ ನುಂಗುವ 650 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ಮಾತ್ರೆಯೂ ಇದೇ ಲಿವರಿನಲ್ಲಿ ಇದೇ ಬಗೆಯ ಓಣಿಯನ್ನು ಹಿಡಿಯುತ್ತದೆ. ಅದರ ನೂರಕ್ಕೆ ಐದರಿಂದ ಹತ್ತು ಪಾಲು ವಿಷಕಾರಿ ರೂಪ ತಾಳುತ್ತದೆ. ಕೋಶಕ್ಕೆ ಲೆಕ್ಕ ಹಾಕಿದರೆ 65ರಿಂದ 130 ಕೋಟಿ ಅಣು. ಅದನ್ನು ಹಿಡಿದು ಕಟ್ಟಿಹಾಕಲು ಪ್ರತಿ ಕೋಶದಲ್ಲೂ ಗ್ಲೂಟಥಯೋನ್ ಎಂಬ ಕಾವಲು ರಾಸಾಯನಿಕ ಸಾವಿರ ಕೋಟಿ ಅಣುಗಳಿಗೂ ಮೇಲ್ಪಟ್ಟು ದಾಸ್ತಾನಿರುತ್ತದೆ. ಮಾತ್ರೆ ದಿನಕ್ಕೆ ನಾಲ್ಕು ಗ್ರಾಮ್ ಮೀರಬಾರದು ಎಂದು ಡಾಕ್ಟರುಗಳು ಹೇಳುವುದರ ಹಿಂದೆ ಈ ದಾಸ್ತಾನಿನ ಲೆಕ್ಕವಿದೆ. ಹಾಗೆ ನೋಡಿದರೆ ಒಂದು ಜ್ವರದ ಮಾತ್ರೆ ಹುಟ್ಟಿಸುವ ವಿಷದ ಅಣುಗಳು ಒಂದು ಲೈನ್ ಕೊಕೇನ್ ಹುಟ್ಟಿಸುವುದಕ್ಕಿಂತ ಹದಿಮೂರು ಪಟ್ಟಿಗೂ ಹೆಚ್ಚು. ಆದರೂ ಜ್ವರದ ಮಾತ್ರೆ ನುಂಗಿದವರು ಮರುದಿನ ಗದ್ದೆಗೆ ಹೋಗುತ್ತಾರೆ, ವಿಪರೀತ ಕೊಕೇನ್ ತೆಗೆದುಕೊಂಡವರಲ್ಲಿ ಕೆಲವರು ಐಸಿಯುಗೆ ಹೋಗುತ್ತಾರೆ.

ವ್ಯತ್ಯಾಸ ಇರುವುದು ಸುತ್ತಿನಲ್ಲಿ. ಪ್ಯಾರಾಸಿಟಮಾಲಿನ ವಿಷದ ಅಣು ಒಂದು ಕಾವಲು ಅಣುವನ್ನು ಹಿಡಿದುಕೊಂಡು ತಾನೂ ಮುಗಿದುಹೋಗುತ್ತದೆ. ಒಂದಕ್ಕೆ ಒಂದು, ಲೆಕ್ಕ ಚುಕ್ತಾ. ನಾರ್‌ಕೊಕೇನ್ ನೈಟ್ರಾಕ್ಸೈಡ್ ಮುಗಿಯುವುದಿಲ್ಲ. ಕೋಶ ಅದನ್ನು ಹಿಂದಿನ ರೂಪಕ್ಕೆ ತಳ್ಳುತ್ತದೆ, ಅದು ಮತ್ತೆ ಮುಂದಿನ ರೂಪಕ್ಕೆ ಬರುತ್ತದೆ, ಕೋಶ ಮತ್ತೆ ತಳ್ಳುತ್ತದೆ. ಪ್ರತಿ ಸುತ್ತಿಗೂ ಕೋಶದ ಶಕ್ತಿಯ ದಾಸ್ತಾನಿನಿಂದ ಒಂದಿಷ್ಟು ಖರ್ಚು, ಪ್ರತಿ ಸುತ್ತಿಗೂ ಸಿಡಿಯುವ ಆಕ್ಸಿಜನ್ ಕಿಡಿಗಳು. ಐದು ಕೋಟಿ ಅಣು ನೂರು ಸುತ್ತು ಹೊಡೆದರೆ ಐನೂರು ಕೋಟಿಯ ಕೆಲಸ. ಮೇಲಿಂದ ಮೇಲೆ ಲೈನ್ ಎಳೆಯುತ್ತಾ ರಾತ್ರಿ ಕಳೆದವನ ಲಿವರಿನಲ್ಲಿ ಗುಣಾಕಾರ ಎಲ್ಲಿಗೆ ಮುಟ್ಟುತ್ತದೆ ಎಂದು ಊಹಿಸಬಹುದು. ಈ ಸುತ್ತಾಟವನ್ನು ವಿಜ್ಞಾನಿಗಳು ಬಿಡಿಸಿದ್ದು ಬಹುಮಟ್ಟಿಗೆ ಇಲಿಗಳಲ್ಲಿ. ಇಲಿಯ ಲಿವರ್ ನಮ್ಮದಕ್ಕಿಂತ ಬಹಳ ಬೇಗ ಕೆಡುತ್ತದೆ. ಮನುಷ್ಯರು ಅಷ್ಟರಮಟ್ಟಿಗೆ ಅದೃಷ್ಟವಂತರು, ಅಷ್ಟರಮಟ್ಟಿಗೆ ಮಾತ್ರ.

ಇನ್ನೊಂದು ಸಂಗತಿ ಆ ರಾಗಿ ಕಾಳಿನ ಒಳವಿನ್ಯಾಸದ್ದು. ರಕ್ತ ಮೂಲೆಯಿಂದ ನಡುವಿಗೆ ಹರಿಯುತ್ತಾ ದಾರಿಯುದ್ದಕ್ಕೂ ಆಕ್ಸಿಜನ್ ಹಂಚುತ್ತಾ ಬರುತ್ತದೆ. ಅಂಚಿನಲ್ಲಿ ಆಕ್ಸಿಜನ್ ಒತ್ತಡ 65 ಮಿಲಿಮೀಟರ್ ಪಾದರಸದಷ್ಟಿದ್ದರೆ ನಡುವಿಗೆ ಬರುವಷ್ಟರಲ್ಲಿ 30ರಿಂದ 35. ದೂರ ನೋಡಿದರೆ ಅರ್ಧ ಮಿಲಿಮೀಟರಿನ ಆಸುಪಾಸು, ಉಸಿರು ಅರ್ಧಕ್ಕರ್ಧ. ಕಾಲುವೆಯ ಕೊನೆಯ ಜಮೀನಿನವರ ಕಷ್ಟ ಕಬಿನಿ ಅಚ್ಚುಕಟ್ಟಿನವರಿಗೆ ಹೇಳಿಕೊಡಬೇಕಾಗಿಲ್ಲ. ವಿಚಿತ್ರವೆಂದರೆ ಕೊಕೇನನ್ನು ಓಣಿಗೆ ತಿರುಗಿಸುವ ಪಿ450 ಕಿಣ್ವಗಳು ದಟ್ಟವಾಗಿ ಸೇರಿಕೊಂಡಿರುವುದೂ ಉಸಿರು ಕಡಿಮೆಯಿರುವ ಈ ನಡುಭಾಗದಲ್ಲೇ. ಹಾಗಾಗಿ ಮೊದಲು ಸಾಯುವ ಕೋಶಗಳು ನಟ್ಟನಡುವಿನವು. ಜೊತೆಗೆ ಕೊಕೇನ್ ರಕ್ತನಾಳಗಳನ್ನು ಹಿಂಡುತ್ತದೆ, ಇದ್ದ ಆಕ್ಸಿಜನ್ನೂ ಕಡಿಮೆಯಾಗುತ್ತದೆ. ಮಿತಿಮೀರಿದ ಪ್ರಮಾಣದಲ್ಲಿ ಮೈ ಶಾಖ 41 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು, ಸ್ನಾಯುಗಳು ಕರಗಿ ರಕ್ತಕ್ಕೆ ಸೇರುವುದುಂಟು. ಆಸ್ಪತ್ರೆಗೆ ಬರುವ ಕೊಕೇನ್ ಪ್ರಕರಣಗಳಲ್ಲಿ ಲಿವರನ್ನು ಕೊಂದದ್ದು ನೈಟ್ರಾಕ್ಸೈಡೋ, ಶಾಖವೋ, ಉಸಿರಿಲ್ಲದ್ದೋ ಎಂದು ಬಿಡಿಸಿ ಹೇಳುವುದು ವೈದ್ಯರಿಗೂ ಕಷ್ಟ. ಮೂರೂ ಒಟ್ಟಿಗೆ ಬಂದಿರುತ್ತವೆ.

ಈಗ ತೊಂಬತ್ತನ್ನೂ ಲೈನನ್ನೂ ಒಂದೇ ಮೇಜಿನ ಮೇಲಿಡೋಣ. ಪಾರ್ಟಿಗಳಲ್ಲಿ ಅವು ಹಾಗೆಯೇ ಇರುತ್ತವೆ. ಬರೀ ಕೊಕೇನ್ ತೆಗೆದುಕೊಳ್ಳುವವರು ಕಡಿಮೆ, ಕುಡಿತದ ಜೊತೆಗೇ ಹೆಚ್ಚು. ಲಿವರಿನ ಒಂದು ಕಿಣ್ವದ ಮಾಮೂಲಿ ಕೆಲಸ ನೀರಿನ ಅಣುವೊಂದನ್ನು ಸೇರಿಸಿ ಕೊಕೇನನ್ನು ಎರಡಾಗಿ ಸೀಳುವುದು. ಸುತ್ತ ಕೊಕೇನಿನ ನಾಲ್ಕು ಸಾವಿರ ಪಟ್ಟು ಆಲ್ಕೋಹಾಲ್ ಅಣುಗಳು ಮುತ್ತಿಕೊಂಡಿರುವಾಗ ಆ ಕಿಣ್ವ ನೀರಿನ ಬದಲು ಆಲ್ಕೋಹಾಲನ್ನು ಕೈಗೆತ್ತಿಕೊಳ್ಳುತ್ತದೆ. ಸೀಳಬೇಕಾದದ್ದು ಸೀಳದೆ ಹೊಸದೊಂದು ವಸ್ತುವಾಗಿ ಹೊರಬರುತ್ತದೆ: ಕೊಕಎಥಿಲೀನ್. ಇದನ್ನು ಕೊಲಂಬಿಯಾದ ಕಾಡಿನಲ್ಲಿ ಯಾರೂ ತಯಾರಿಸುವುದಿಲ್ಲ, ಬೆಂಗಳೂರಿನಲ್ಲಿ ಯಾರೂ ಮಾರುವುದಿಲ್ಲ, ವಿಮಾನ ನಿಲ್ದಾಣದ ಸ್ಕ್ಯಾನರಿಗೆ ಸಿಗುವುದಿಲ್ಲ. ಬಳಸಿದವರ ಮೂತ್ರದಲ್ಲಿ 1979ರಲ್ಲಿ ಗುರುತಿಸಿದ ಈ ಮಾದಕದ ಏಕೈಕ ಕಾರ್ಖಾನೆ ಕುಡಿದವನ ಲಿವರ್. ಕೊಕೇನಿಗಿಂತ ಹೆಚ್ಚು ಹೊತ್ತು ಅದು ರಕ್ತದಲ್ಲಿ ನಿಲ್ಲುತ್ತದೆ, ಇಲಿಗಳಲ್ಲಿ ಕೊಕೇನಿಗಿಂತ ಕಡಿಮೆ ಪ್ರಮಾಣದಲ್ಲೇ ಪ್ರಾಣ ತೆಗೆದಿದೆ. ದೇಹದ ತಪಾಸಣಾ ಠಾಣೆಯೇ ಸರಬರಾಜುದಾರನಾಗುವುದು ಈ ಇಡೀ ಕಥೆಯಲ್ಲೇ ನನ್ನನ್ನು ದಂಗುಬಡಿಸಿದ ತಿರುವು. ಅದಕ್ಕೆ ಬೇಕಾದದ್ದು ಎರಡು ನಿಮಿಷದಲ್ಲಿ ಕುಡಿದ ಒಂದು ಟೆಟ್ರಾ ಪ್ಯಾಕ್.

ಕುಡಿತ ಇನ್ನೂ ಎರಡು ಕೆಡುಕು ಮಾಡುತ್ತದೆ. ದಿನಾ ಕುಡಿಯುವವರಲ್ಲಿ, ಸರಿಯಾಗಿ ಉಣ್ಣದವರಲ್ಲಿ ಆ ಸಾವಿರ ಕೋಟಿ ಕಾವಲಿನವರ ದಾಸ್ತಾನು ಮೊದಲೇ ಕುಗ್ಗಿರುತ್ತದೆ. ಎರಡನೆಯದು, ಓಣಿಗೆ ತಿರುಗಿಸುವ ಪಿ450 ಕಿಣ್ವಗಳಲ್ಲಿ ಕೆಲವನ್ನು ನಿತ್ಯದ ಕುಡಿತ ಹೆಚ್ಚಿಸುತ್ತದೆ. ಕಾವಲು ಕಡಿಮೆ, ಓಣಿ ಅಗಲ.

ಪುಡಿಯಲ್ಲಿ ಕೊಕೇನ್ ಒಂದೇ ಇರುತ್ತದೆ ಅಂದುಕೊಳ್ಳುವುದೂ ಸರಿಯಲ್ಲ. ಅಮೆರಿಕಕ್ಕೆ ಬಂದ ಕೊಕೇನಿನಲ್ಲಿ 2009ರ ಜುಲೈ ಹೊತ್ತಿಗೆ ನೂರಕ್ಕೆ 69 ಸರಕಿನಲ್ಲಿ ಲೆವಮಿಸೋಲ್ ಸಿಕ್ಕಿತ್ತು. ಲೆವಮಿಸೋಲ್ ಏನೆಂದು ಅಲ್ಲಿನ ಪಾರ್ಟಿ ಹುಡುಗರಿಗೆ ಗೊತ್ತಿರಲಿಲ್ಲ. ನಮ್ಮ ಕುರಿ ಸಾಕುವವರಿಗೆ ಗೊತ್ತು. ಕುರಿ, ದನದ ಜಂತುಹುಳುವಿಗೆ ಕುಡಿಸುವ ಔಷಧಿ. ದುಡ್ಡು ಸುರಿದು ಮೂಗಿಗೇರಿಸಿದ್ದರಲ್ಲಿ ಕುರಿಮದ್ದೂ ಸೇರಿತ್ತು. ಅದರ ಪೆಟ್ಟು ಮುಖ್ಯವಾಗಿ ರಕ್ತದ ಬಿಳಿಕಣಗಳಿಗೆ, ಲಿವರಿಗಲ್ಲ, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಒಂದು ವಿಷಯದಲ್ಲಿ ಕೊಕೇನಿಗೆ ನ್ಯಾಯ ಒದಗಿಸಬೇಕು. ಲಿವರಿನ ಮೇಲೆ ಅದರ ಪೆಟ್ಟು ಬಹುಮಟ್ಟಿಗೆ ಒಮ್ಮೆಲೇ ಬೀಳುವಂಥದ್ದು, ವಿಪರೀತ ಪ್ರಮಾಣದ ಬೆನ್ನಿಗೆ. ವರ್ಷಾನುಗಟ್ಟಲೆ ನಿಧಾನವಾಗಿ ಲಿವರನ್ನು ಗಂಟುಗಂಟಾಗಿಸಿ ಸಿರೋಸಿಸ್‌ಗೆ ಒಯ್ಯುವುದು ಕೊಕೇನಿನ ಗುಣವಲ್ಲ, ಮದ್ಯದ್ದು. ದಿನಕ್ಕೊಂದು ಕ್ವಾಟ್ರು ಅಂದರೆ 60 ಗ್ರಾಮ್ ಆಲ್ಕೋಹಾಲ್. ಹತ್ತು ವರ್ಷ ಕುಡಿದವನ ಲಿವರ್ ಕರಗಿಸಿದ್ದು 219 ಕಿಲೋ, ತನ್ನ ತೂಕದ ನೂರನಲವತ್ತಾರು ಪಟ್ಟು. ಈ ಕುಡಿತಕ್ಕೆ ಸರ್ಕಾರದ ಲೆಕ್ಕವೂ ಇದೆ. ಸಾರಾಯಿ 2007ರ ಜುಲೈ 1ರಿಂದ ರಾಜ್ಯದಲ್ಲಿ ಬಂದ್ ಆಯಿತು, ಸಾರಾಯಿ ಕವರಿನ ಜಾಗಕ್ಕೆ ಟೆಟ್ರಾ ಪ್ಯಾಕ್ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ದೆಹಲಿ, ಅಂಕಲೇಶ್ವರದಲ್ಲಿ ಹಿಡಿದ ಕೊಕೇನಿನ ಆ ಪತ್ರಿಕಾಗೋಷ್ಠಿ ಬೆಲೆಯನ್ನೇ ನಂಬಿದರೂ ಅದರ ಮೂರು ಪಟ್ಟು. 2011ರ ಜನಗಣತಿಯ 6.11 ಕೋಟಿ ಜನಕ್ಕೆ, ಕಂಕುಳ ಕೂಸುಗಳನ್ನೂ ಸೇರಿಸಿ ಹಂಚಿದರೆ ತಲೆಗೆ ಆರೂವರೆ ಸಾವಿರ. ಬಿಳಿಗೆರೆಯ ಲಿವರುಗಳ ಮೇಲಿರುವ ನಿಜವಾದ ಹೊರೆ ಇದು. ಕೊಕೇನಿನ ಸುದ್ದಿ ಓದಿ ಬೆಚ್ಚಿಬೀಳುವವರು ಬಜೆಟ್ಟಿನ ಈ ಸಾಲನ್ನು ಸಲೀಸಾಗಿ ದಾಟಿ ಹೋಗುತ್ತಾರೆ.

ಕೊನೆಗೆ ಆಸ್ಪತ್ರೆಯ ಸಂಖ್ಯೆಗಳು. ಲಿವರಿನ ಕೋಶ ಸತ್ತು ಒಡೆದಾಗ ಒಳಗಿದ್ದ ಎಎಲ್‌ಟಿ ಎಂಬ ಕಿಣ್ವ ರಕ್ತಕ್ಕೆ ಚೆಲ್ಲುತ್ತದೆ. ಲ್ಯಾಬಿನ ಚೀಟಿಯಲ್ಲಿ ಅದು ಮಾಮೂಲಿಯಾಗಿ 40ರ ಒಳಗಿರುತ್ತದೆ. ಕುಡಿತದಿಂದ ಲಿವರ್ ಕೆಟ್ಟವರಲ್ಲಿ ಸಾಮಾನ್ಯವಾಗಿ 300 ದಾಟುವುದಿಲ್ಲ. ಕೊಕೇನ್ ವಿಪರೀತವಾಗಿ ಲಿವರಿಗೆ ಪೆಟ್ಟು ಬಿದ್ದವರಲ್ಲಿ ಸಾವಿರ ದಾಟಿ ಹಲವು ಸಾವಿರಕ್ಕೆ ಏರುತ್ತದೆ, ಅದೂ ಎರಡು-ಮೂರು ದಿನದೊಳಗೆ. ಬದುಕಿಕೊಂಡರೆ ಇಳಿಯುವುದೂ ಚುರುಕು. ಎರಡು ದಿನಕ್ಕೊಮ್ಮೆ ಅರ್ಧಕ್ಕರ್ಧ ಎಂಬಂತೆ ಇಳಿಯುತ್ತಾ ಬರುತ್ತದೆ. ಮೂರರಲ್ಲಿ ಎರಡು ಭಾಗ ಕೊಯ್ದು ತೆಗೆದರೂ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆದು ನಿಲ್ಲುವ ಅಂಗ ಅದು. ಕೊಕೇನಿಗೆಂದೇ ಇರುವ ಪ್ರತಿವಿಷ ಇಲ್ಲ. ಮೈ ತಣ್ಣಗಾಗಿಸಿ, ಗ್ಲೂಕೋಸ್ ಹಾಕಿ, ಕಿಡ್ನಿ ಕಾಪಾಡಿಕೊಂಡು, ಲಿವರ್ ತಾನೇ ಏಳುವವರೆಗೆ ಕಾಯುವುದೇ ಚಿಕಿತ್ಸೆಯ ಮುಕ್ಕಾಲು ಪಾಲು.

ತೊಡಕು ಇರುವುದು ಗಡಿಯಾರದಲ್ಲಿ. ಗಂಟೆಗೆ ಅರ್ಧದಂತೆ ಇಳಿಯುವ ಕೊಕೇನ್ ಆರು ಗಂಟೆಯಲ್ಲಿ ರಕ್ತದಿಂದ ನೂರಕ್ಕೆ ಎರಡು ಪಾಲಿಗಿಂತಲೂ ಕಡಿಮೆಗೆ ಬಂದಿರುತ್ತದೆ. ಎಎಲ್‌ಟಿ ತುದಿ ಮುಟ್ಟುವುದು ಎರಡನೇ ಅಥವಾ ಮೂರನೇ ದಿನ. ಶನಿವಾರ ರಾತ್ರಿ ಬೆಂಗಳೂರಿನ ಪಾರ್ಟಿಯಲ್ಲಿದ್ದ ಹುಡುಗ ಭಾನುವಾರ ಬಸ್ಸು ಹತ್ತಿ ಊರಿಗೆ ಬಂದು, ಮಂಗಳವಾರ ವಾಂತಿ ಶುರುವಾದರೆ ಮನೆಯವರಿಗೆ ಅದು ಕಾಮಾಲೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾರೆ. ನಂಜನಗೂಡಿಗೋ ಮೈಸೂರಿನ ದೊಡ್ಡಾಸ್ಪತ್ರೆಗೋ ಕರೆದೊಯ್ಯುವ ಹೊತ್ತಿಗೆ ಬುಧವಾರ. ಡಾಕ್ಟರು "ಏನಾದ್ರೂ ತಗೊಂಡಿದ್ಯೇನಪ್ಪ" ಎಂದು ಕೇಳಿದರೆ, ಪಕ್ಕದಲ್ಲಿ ಅಪ್ಪ ನಿಂತಿರುವಾಗ ಉತ್ತರ "ಎರಡು ಬಿಯರ್ ಸಾರ್". ರಕ್ತದಲ್ಲಿ ಹುಡುಕಿದರೆ ಕೊಕೇನ್ ಸಿಗದು. ಕೊಕೇನ್ ಒಡೆದು ಉಳಿದ ಬೆನ್‌ಜಾಯ್ಲ್‌ಎಕ್ಗೊನಿನ್ ಮಾತ್ರ ಮೂತ್ರದಲ್ಲಿ ಎರಡರಿಂದ ನಾಲ್ಕು ದಿನ ಇರುತ್ತದೆ. ಮಿಲಿಲೀಟರಿಗೆ 300 ನ್ಯಾನೊಗ್ರಾಮ್, ಅಂದರೆ ಗ್ರಾಮಿನ ನೂರು ಕೋಟಿ ಪಾಲು ಮಾಡಿ ಅದರಲ್ಲಿ ಮುನ್ನೂರು ಚೂರು, ಅಷ್ಟಿದ್ದರೂ ಸಾಕು, ಪರೀಕ್ಷೆಯ ಪಟ್ಟಿ ಗುರುತಿಸುತ್ತದೆ. ಆ ಪಟ್ಟಿಯನ್ನು ಮೂತ್ರಕ್ಕೆ ಅದ್ದಲು ಯಾರಿಗಾದರೂ ಅನುಮಾನ ಬರಬೇಕು, ಗುರುವಾರದೊಳಗೆ.